ಪ್ರಶ್ನೆ ಕೇಳಿ ಕಾಯೋಕೆ ಆಗ್ದೇ ಇದ್ದ ಮೇಷ್ಟ್ರು

ಚಳ್ಳಕೆರೆ ಕಡೆಯ ಹೈಸ್ಕೂಲೊಂದರ ವಿಜ್ಞಾನ ಮೇಷ್ಟ್ರು (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದೀನಿ), ರಾತ್ರಿ ನಿದ್ದೆ ಬರಲ್ಲ, ಎಂಟನೇ ಕ್ಲಾಸಿನ ಬೆಲ್ ಆದ್ರೆ ಎದೆ ಹೊಡ್ಕೊಳ್ಳುತ್ತೆ ಅಂತ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ್ರು. "ಟ್ರೈನಿಂಗಲ್ಲಿ ಮಕ್ಕಳ ಕೈಲೇ ಮಾತಾಡ್ಸಿ ಅಂತಾರೆ ಮೇಡಂ, ನಾನು ಪ್ರಶ್ನೆ ಕೇಳಿದ್ರೆ ಒಬ್ರೂ ಬಾಯಿ ಬಿಡಲ್ಲ, ಕೊನೆಗೆ ನಾನೇ ಉತ್ರ ಬೋರ್ಡ್ ಮೇಲೆ ಬರೀತೀನಿ, ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ."

ನನ್ನನ್ನೇ ಕ್ಲಾಸು ಅಂದ್ಕೊಂಡು ಒಂದು ಪ್ರಶ್ನೆ ಕೇಳಿ ಅಂದೆ. ಕೇಳಿದ್ರು, ನಾನು ಯೋಚ್ನೆ ಶುರು ಮಾಡೋದ್ರೊಳಗೆ ಉತ್ತರನೂ ಅವರೇ ಹೇಳ್ಬಿಟ್ರು. ಇದು ಇವರೊಬ್ಬರ ಕಥೆ ಅಲ್ಲ. ಅಮೆರಿಕಾದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರ್ಸಿದಾರೆ, ಟೀಚರ್‌ಗಳು ಪ್ರಶ್ನೆ ಕೇಳಿ ಕಾಯೋದು ಸುಮಾರು 1 ಸೆಕೆಂಡು, ಅದನ್ನ 3 ಸೆಕೆಂಡು ಮಾಡಿದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ, ಮಾತಾಡೋ ಮಕ್ಕಳೂ ಜಾಸ್ತಿ ಆಗ್ತಾರೆ.

ಆದ್ರೆ ಇವರಿಗೆ ಆ 3 ಸೆಕೆಂಡೇ ಕಷ್ಟ. ಯಾಕೆ ಅಂತ ಕೆದಕಿದಾಗ ಗೊತ್ತಾಯ್ತು, ಕ್ಲಾಸು ಸುಮ್ನಿದ್ರೆ ವರಾಂಡದಲ್ಲಿ ಹೋಗೋರು "ಇವನಿಗೆ ಪಾಠ ಬರಲ್ಲ" ಅಂದ್ಕೋತಾರೆ ಅನ್ನೋ ಭಯ. ಭಯ ಇದ್ದದ್ದು ಇಲ್ಲಿ, ಸಾಮರ್ಥ್ಯದ ಕೊರತೆ ಖಂಡಿತ ಅಲ್ಲ.

ಮುಂದಿನ ಪಾಠ ಸೂಕ್ಷ್ಮಜೀವಿಗಳು. ಹೊಲದಲ್ಲಿ ಶೇಂಗಾ ಇತ್ತು. ರೈಜೋಬಿಯಂ (ಬೇರಿನ ಗಂಟಲ್ಲಿದ್ದು ಗಾಳಿಯ ಸಾರಜನಕನ ಗಿಡಕ್ಕೆ ಒದಗಿಸೋ ಬ್ಯಾಕ್ಟೀರಿಯಾ) ಅಂದ್ರೇನು ಅಂತ ಶುರು ಮಾಡ್ಬೇಡಿ, ಬೆಂಚಿಗೊಂದು ಶೇಂಗಾ ಗಿಡ ಬೇರು ಸಮೇತ ತರ್ಸಿ, ಬೇರಿನ ಮೇಲಿನ ಗಂಟು ಏನು, ಉಗುರಲ್ಲಿ ಚಿವುಟಿದ್ರೆ ಒಳಗೆ ಯಾವ ಬಣ್ಣ ಅಂತ ಕೇಳಿ, ಮೊದ್ಲು ಪಕ್ಕದವರ ಹತ್ರ ಮಾತಾಡ್ಲಿ, ಆಮೇಲೆ ಜೋರಾಗಿ, ಅಲ್ಲೀವರೆಗೆ ನೀವು ಉಸಿರು ನಿಧಾನಕ್ಕೆ ಬಿಡ್ತಾ ಮನಸ್ಸಲ್ಲೇ ಐದರವರೆಗೆ ಎಣಿಸಿ ಅಂದೆ. ತಪ್ಪು ಹೇಳಿದ್ರೆ "ಹಂಗ್ಯಾಕೆ ಅನ್ಸ್ತು?" ಅಂತ ಕೇಳಿ. ಕೊನೆಗೆ ನೀವೇ ವಿವರ್ಸಿ, ಅದೇನೂ ಅಪರಾಧ ಅಲ್ಲ.

ಮತ್ತೆ ಬಂದಾಗ ಖುಷಿಯಲ್ಲಿದ್ರು. ಯಾವತ್ತೂ ಮಾತಾಡದ ಹುಡುಗಿ "ಇದು ಗಂಟುರೋಗ ಸಾರ್, ನಮ್ಮಪ್ಪ ಹೇಳ್ತಾರೆ" ಅಂದ್ಲಂತೆ, ಇವರು ತಪ್ಪು ಅನ್ನೋಕೆ ಹೋಗಿ ತಡ್ಕೊಂಡ್ರಂತೆ, ಹಿಂದಿನ ಬೆಂಚಿನ ಹುಡುಗ "ರೋಗ ಆದ್ರೆ ಗಿಡ ಇಷ್ಟು ಹಸಿರಾಗಿ ಯಾಕಿದೆ?" ಅಂತ ಕೇಳಿದ್ನಂತೆ. ನನಗೆ ಎಷ್ಟು ಸಂತೋಷ ಆಯ್ತು ಅಂದ್ರೆ ಹೇಳೋಕಾಗಲ್ಲ, ಅಂಥ ಪ್ರಶ್ನೆ ಯಾವ ಗೈಡಲ್ಲೂ ಇರಲ್ಲ!

ಪೋರ್ಷನ್ ಹಿಂದೆ ಬೀಳುತ್ತೆ ಅನ್ನೋ ಚಿಂತೆ ಇನ್ನೂ ಇದೆ. ಪಾಠಕ್ಕೆ ಇಂಥದ್ದೊಂದೇ ಪ್ರಶ್ನೆ, ಹತ್ತು ನಿಮಿಷ, ಮಿಕ್ಕಿದ್ದು ಮಾಮೂಲಿ ಹಾಗೇ ಅಂತ ಒಪ್ಕೊಂಡ್ವಿ. ನಿದ್ದೆ ಪೂರ್ತಿ ಸರಿಹೋಗಿಲ್ಲ, ಅದಕ್ಕೆ ಜಿಲ್ಲಾಸ್ಪತ್ರೆ ಮನೋವೈದ್ಯರನ್ನ ನೋಡೋಕೆ ಹೇಳಿದೀನಿ, ರಾತ್ರಿ ತೀರಾ ಕಷ್ಟ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡೋಕೂ ಹೇಳಿದೀನಿ.