ಚೀಲದೊಳಗೆ ನಾಲ್ಕು, ಕೈಯಲ್ಲಿ ಎರಡು

ಅಂಗಡಿಯಲ್ಲಿ ನಾಲ್ಕಕ್ಕೆ ಎರಡು ಸೇರಿಸು ಅಂದ್ರೆ ನಿಮ್ಮ ಐದು ವರ್ಷದ ಮಗಳು ಪ್ರತಿ ಸಲ ಒಂದರಿಂದಲೇ ಎಣಿಸುತ್ತಾಳೆ, ಇದು ಸರೀನಾ ಅಂತ ಕೇಳಿದ್ದೀರಿ. ಖಂಡಿತ ಸರಿ. ಕೂಡೋದು ಕಲಿಯುವ ಮಕ್ಕಳು ಸಾಮಾನ್ಯವಾಗಿ ಮೊದಲು ಹೀಗೇ ಮಾಡುತ್ತಾರೆ. ಗದರಬೇಡಿ. ಬೆರಳು ಮಡಚಿದರೂ ತಡೆಯಬೇಡಿ.

ಮುಂದಿನ ಹೆಜ್ಜೆಗೆ ಒಂದು ಚೀಲ ಸಾಕು. ನಾಲ್ಕು ಸೋಪು ಅವಳ ಕೈಯಿಂದಲೇ ಎಣಿಸಿ ಹಾಕಿಸಿ, ಚೀಲದ ಬಾಯಿ ಮುಚ್ಚಿಬಿಡಿ. ಇನ್ನೆರಡು ಅವಳ ಕೈಗೆ ಕೊಟ್ಟು, ಒಟ್ಟು ಎಷ್ಟಾಯ್ತು ಅಂತ ಕೇಳಿ. ಒಳಗಿರೋದು ಕಾಣಿಸುವುದಿಲ್ಲವಲ್ಲ, ಹಾಗಾಗಿ ನಾಲ್ಕನ್ನು ಮನಸ್ಸಲ್ಲಿಟ್ಟುಕೊಂಡು "ಐದು, ಆರು" ಅಂತ ಮುಂದುವರಿಸುವುದೇ ಸುಲಭ. ಮೊದಮೊದಲು "ನಾಲ್ಕು, ಐದು" ಅಂತ ನಾಲ್ಕನ್ನೇ ಮತ್ತೆ ಎಣಿಸಿ, ಐದು ಅನ್ನಬಹುದು. ಆಗ ಚೀಲ ತೆರೆದು ಅವಳೇ ನೋಡಲಿ. ನನ್ನ ಮಗನಿಗೂ ಹೀಗೇ ಆಗುತ್ತಿತ್ತು. ನಾನು ತಿದ್ದಿದ್ದಕ್ಕಿಂತ, ಅವನೇ ಒಳಗೆ ಇಣುಕಿ ಎಣಿಸಿದ್ದು ಜಾಸ್ತಿ ಕೆಲಸ ಮಾಡಿತು.

ಎರಡಕ್ಕೆ ಏಳು ಸೇರಿಸುವಾಗ ಏಳರಿಂದ ಶುರು ಮಾಡಿದರೆ ಸುಲಭ ಅನ್ನೋದು ನಿಧಾನವಾಗಿ ಅವಳಿಗೇ ಹೊಳೆಯಲಿ. ಅವಸರ ಬೇಡ.

ಹಣದ ಲೆಕ್ಕ ಮಾತ್ರ ಸ್ವಲ್ಪ ತಡವಾಗಿ ಶುರು ಮಾಡಿ. ಐದರ ನಾಣ್ಯ ಮಗುವಿನ ಕಣ್ಣಿಗೆ ಒಂದೇ ವಸ್ತು, ಅಲ್ವಾ? ಮೊದಲು ಒಂದರ ನಾಣ್ಯಗಳನ್ನಷ್ಟೇ ಕೊಡಿ. ಆಮೇಲೆ ಮನೆಯಲ್ಲಿ ಐದರ ನಾಣ್ಯದ ಪಕ್ಕ ಒಂದರ ಐದು ನಾಣ್ಯ ಸಾಲಾಗಿ ಇಟ್ಟು, ಅದಲುಬದಲು ಮಾಡಿ ಆಡಿಸಿ. ಹಿಂದೆ ಜನ ಕಾಯುತ್ತಿರುವಾಗ ಮಾತ್ರ ಏನೂ ಕೇಳಬೇಡಿ, ಗಾಬರಿಯಲ್ಲಿ ಗೊತ್ತಿರೋದೂ ಮರೆತುಹೋಗುತ್ತದೆ.