ಕೊಡಗಿಗೆ ಪ್ರಾಣಿ ನೋಡಲು ಬರುತ್ತಿದ್ದೀರಾ? ರಾತ್ರಿ ಜೀಪ್ ಮಾತ್ರ ಹತ್ತಬೇಡಿ

ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಿಂದ ಮೂರು ದಿನಕ್ಕೆ ಬರುತ್ತಿದ್ದೀರಿ. ಪ್ರಾಣಿಗಳಿಗೆ ತೊಂದರೆ ಕೊಡದೆ ಅವುಗಳ ಕಾಡಿನಲ್ಲೇ ನೋಡಬೇಕು ಅಂತ ಆಸೆ. ಹೋಂಸ್ಟೇಯವರು ‘ನೈಟ್ ಸಫಾರಿ ಫ್ರೀ’ ಅಂದಿದ್ದಾರೆ, ಹೋಗಬಹುದಾ ಅಂತ ಕೇಳಿದ್ದೀರಿ.

ಬೇಡ. ನಾಗರಹೊಳೆಯಲ್ಲಿ ಸಫಾರಿ ಇರುವುದು ಬೆಳಿಗ್ಗೆ ಮತ್ತು ಮಧ್ಯಾಹ್ನದ ಮೇಲೆ ಮಾತ್ರ. ರಾತ್ರಿ ಸಫಾರಿ ಅಂತ ಕರೆದುಕೊಂಡು ಹೋದರೆ ಅದು ಕಾಡಂಚಿನ ತೋಟದ ರಸ್ತೆಯಲ್ಲಿ ಜೀಪ್ ಓಡಿಸಿ, ಆನೆ ಕಣ್ಣಿಗೆ ಟಾರ್ಚ್ ಬಿಡುವ ಕೆಲಸ ಅಷ್ಟೇ.

ನಾನು ತಿತಿಮತಿ ಕಡೆಯವನು, ಸಣ್ಣ ಕಾಫಿ ತೋಟ ಇದೆ. ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನಮ್ಮಲ್ಲಿ ಕಾಡು ಗೇಟ್ ಹತ್ತಿರ ಮುಗಿಯುವುದಿಲ್ಲ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಸುತ್ತ ಆನೆಗಳು ತೋಟದಲ್ಲೇ ಇರುತ್ತವೆ. ನೆರಳಿದೆ, ಕೆರೆಯಿದೆ, ಹಲಸು ಬಾಳೆ ಇದೆ, ಇನ್ನೇನು ಬೇಕು? ಹಗಲು ಕಾಫಿ ಗಿಡಗಳ ಮಧ್ಯೆ ನಿಂತಿದ್ದರೆ ಹತ್ತು ಮಾರು ದೂರದಿಂದಲೂ ಕಾಣುವುದಿಲ್ಲ. ಬೆಳಿಗ್ಗೆ ಕೆಲಸದವರು ಬರುವ ಮೊದಲು ನಾವು ನೋಡುವುದು ಲದ್ದಿಯನ್ನು. ಹಣ್ಣಿನ ಕಾಲದಲ್ಲಿ ಅದರೊಳಗೆ ಕಾಫಿ ಬೀಜ ಇಡಿಇಡಿಯಾಗಿ ಸಿಗುತ್ತದೆ. ಲದ್ದಿ ಇನ್ನೂ ಬಿಸಿ ಇದ್ದರೆ ಆವತ್ತು ಆ ಕಡೆ ಯಾರನ್ನೂ ಕಳಿಸುವುದಿಲ್ಲ.

ಈಗ ಯೋಚನೆ ಮಾಡಿ. ರಾತ್ರಿ ಹತ್ತಕ್ಕೆ ಜೀಪಿನವರು ಬೆಳಕು ಬಿಟ್ಟು, ಹಾರ್ನ್ ಹೊಡೆದು ಕೆರಳಿಸಿದ ಆನೆಯ ಎದುರಿಗೆ ಬೆಳಿಗ್ಗೆ ಏಳಕ್ಕೆ ಬುತ್ತಿ ಹಿಡಿದು ಬರುವುದು ತೋಟದ ಕೆಲಸದವರು ಇರುವ ಲೈನ್‌ಮನೆಯ ಹೆಂಗಸರು. ನೀವು ಅಷ್ಟು ಹೊತ್ತಿಗೆ ತಿಂಡಿ ತಿನ್ನುತ್ತಿರುತ್ತೀರಿ.

ಹಾಗಾಗಿ ಸಫಾರಿಗಿಂತ ಮೊದಲು ಹೋಂಸ್ಟೇ ಸರಿಯಾಗಿ ಆರಿಸಿ. ಫೋನ್ ಮಾಡಿ ಕೇಳಿ: ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ? ರಾತ್ರಿ ಡಿಜೆ ಹಾಕುತ್ತಾರಾ? ಅಡುಗೆಮನೆ ಕಸ ಎಲ್ಲಿ ಹಾಕುತ್ತಾರೆ? ‘ಕತ್ತಲಾದ ಮೇಲೆ ತೋಟದೊಳಗೆ ನಡೆಯಬೇಡಿ’ ಅಂತ ಅವರಾಗಿಯೇ ಹೇಳಿದರೆ ಕಣ್ಣುಮುಚ್ಚಿ ಬುಕ್ ಮಾಡಿ. ‘ಆನೆ ಗ್ಯಾರಂಟಿ ಸರ್’ ಅಂದರೆ ಬೇರೆ ಮನೆ ನೋಡಿ.

ಸಫಾರಿಗೆ ಕೊಡಗಿನ ಕಡೆಯಿಂದ ಕುಟ್ಟದ ಹತ್ತಿರದ ನಾಣಚ್ಚಿ ಗೇಟ್ ಇದೆ. ಕಬಿನಿ ಕಡೆಯ ದಮ್ಮನಕಟ್ಟೆಗೆ ಹೆಸರು ಜಾಸ್ತಿ, ಆದರೆ ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೂರ ಸುತ್ತುವುದು ಸುಮ್ನೆ ಸುಸ್ತು. ಹುಲಿ ದಾಳಿಯಲ್ಲಿ ಜನ ಸತ್ತ ಮೇಲೆ 2025ರ ನವೆಂಬರ್‌ನಲ್ಲಿ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು. ಇಂಥದ್ದು ಮತ್ತೆ ಆಗಬಹುದು. ಹೊರಡುವ ಮೊದಲು ಅರಣ್ಯ ಇಲಾಖೆಯ ವೆಬ್‌ಸೈಟ್‌ನಲ್ಲಿ ನೋಡಿ, ಟಿಕೆಟನ್ನೂ ಅಲ್ಲೇ ತೆಗೆದುಕೊಳ್ಳಿ. ಏಜೆಂಟ್ ಬೇಡ.

ಒಳಗೆ ಹೋದ ಮೇಲೆ ಡ್ರೈವರ್‌ಗೆ ‘ಹುಲಿ ತೋರಿಸಿದರೆ ಐನೂರು’ ಅನ್ನಬೇಡಿ. ಗಾಡಿಗಳು ಒಂದರ ಹಿಂದೆ ಒಂದು ನುಗ್ಗಿ ಹುಲಿಯ ದಾರಿ ಕಟ್ಟುವುದು ಇಂಥ ಮಾತಿನಿಂದಲೇ. ಅದರ ಬದಲು ಹಡ್ಲು ಬಂದಾಗ ಸ್ವಲ್ಪ ನಿಲ್ಲಿಸಲು ಹೇಳಿ. ಹಡ್ಲು ಅಂದರೆ ಕಾಡಿನ ನಡುವಿನ ತಗ್ಗಾದ ಜೌಗು ಹುಲ್ಲುಗಾವಲು. ಕಾಟಿ (ಕಾಡುಕೋಣ), ಕಡವೆ, ಚುಕ್ಕೆ ಜಿಂಕೆ ಎಲ್ಲ ಅಲ್ಲಿಗೆ ಮೇಯಲು ಬರುತ್ತವೆ. ಮೇಯುತ್ತಿದ್ದ ಜಿಂಕೆ ತಲೆಯೆತ್ತಿ, ಬಾಲ ನೆಟ್ಟಗೆ ಮಾಡಿ, ಮುಂಗಾಲು ನೆಲಕ್ಕೆ ಕುಟ್ಟಿ ಕೂಗಿದರೆ, ಮರದ ಮೇಲಿನ ಮುಸುವವೂ ಕೆಮ್ಮಿದ ಹಾಗೆ ಕೂಗಿದರೆ, ಹತ್ತಿರದಲ್ಲೇ ಹುಲಿಯೋ ಚಿರತೆಯೋ ಇದೆ ಅಂತ ಲೆಕ್ಕ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರಿ. ಹುಲಿ ಕಾಣದಿದ್ದರೂ ಅವರಿಗೆ ಬೇಜಾರಾಗುವುದಿಲ್ಲ. ಒಂದು ಬೈನಾಕ್ಯುಲರ್ ತನ್ನಿ, ಮೊಬೈಲ್ ಸೈಲೆಂಟ್‌ನಲ್ಲಿ ಇಡಿ.

ದುಬಾರೆ, ಮತ್ತಿಗೋಡು ಆನೆ ಶಿಬಿರಗಳಲ್ಲಿ ಇರುವುದು ಇಲಾಖೆಯ ಸಾಕಾನೆಗಳು. ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತ ಅಭಿಮನ್ಯು ಮತ್ತಿಗೋಡಿನವನು. ಮಕ್ಕಳಿಗೆ ತೋರಿಸಿ, ಚೆನ್ನಾಗಿರುತ್ತದೆ, ಆದರೆ ಕಾಡಾನೆ ನೋಡಿದ ಲೆಕ್ಕಕ್ಕೆ ಸೇರಿಸಬೇಡಿ. ದಾರಿಯಲ್ಲಿ ಜೇನುಕುರುಬರ ಹಾಡಿಗಳು ಸಿಗುತ್ತವೆ. ಅವು ಜನರ ಮನೆಗಳು, ಗಾಡಿ ನಿಲ್ಲಿಸಿ ಕ್ಯಾಮೆರಾ ಹಿಡಿಯುವುದು ಚೆನ್ನಾಗಿರಲ್ಲ ಅಲ್ವಾ? ಇರ್ಪು ಜಲಪಾತಕ್ಕೆ ಹೋದರೆ ಕೋತಿಗಳಿಗೆ ಚಿಪ್ಸ್ ಹಾಕಬೇಡಿ. ಅಲ್ಲಿಂದ ಮೇಲೆ ಬ್ರಹ್ಮಗಿರಿ ಹತ್ತಲು ಇಲಾಖೆಯ ಅನುಮತಿ ಬೇಕು, ಚಿಕ್ಕ ಮಕ್ಕಳಿಗೆ ಆ ಏರು ಕಷ್ಟ.

ಹುಣಸೂರಿನಿಂದ ನಾಗರಹೊಳೆ ಮೇಲೆ ಕುಟ್ಟಕ್ಕೆ ಬರುವ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಆ ದಾರಿ ಹಿಡಿಯುವುದಾದರೆ ಬೆಂಗಳೂರನ್ನು ಬೇಗ ಬಿಡಿ. ಕಾಡೊಳಗೆ ಎಲ್ಲೂ ಇಳಿಯಬೇಡಿ, ಮಗುವಿಗೆ ಅವಸರ ಆದರೂ ಗೇಟ್ ಬರುವ ತನಕ ತಡೆದುಕೊಳ್ಳಬೇಕು.

ಯಾವ ತಿಂಗಳು ಬರುತ್ತೀರಿ ಅಂತ ಬರೆದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಎಲೆ ಉದುರಿ, ಪ್ರಾಣಿಗಳು ಕೆರೆ ಹತ್ತಿರ ಸೇರುವುದರಿಂದ ಕಾಣುವುದು ಜಾಸ್ತಿ. ಆದರೆ ಬೆಂಕಿ ಭಯಕ್ಕೆ ಚಾರಣ ನಿಲ್ಲಿಸಿರಬಹುದು. ನವೆಂಬರ್‌ನಿಂದ ಜನವರಿ ಹವಾ ಚೆನ್ನಾಗಿರುತ್ತದೆ, ಕಾಡು ದಟ್ಟ, ಸ್ವಲ್ಪ ತಾಳ್ಮೆ ಬೇಕು. ಜೂನ್‌ನಿಂದ ಆಗಸ್ಟ್ ಆದರೆ ಪ್ರಾಣಿ ಆಸೆ ಬಿಟ್ಟು, ಮಳೆ ನೋಡುವುದಕ್ಕೆ ಬನ್ನಿ. ಜಿಗಣೆಗೆ ಉಪ್ಪು ತನ್ನಿ.