ಮಗನ ತಟ್ಟೆ ಬೇರೆ ಇಡಬೇಡಿ

ಕುಮಟಾ ಕಡೆಯ ತಾಯಿಯೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಏಳು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್ ಆಗಿ, ದೂರದ ಊರಿನಲ್ಲಿ ಕೀಮೋ ಮುಗಿಸಿ ಬಂದಿದ್ದಾರೆ. ಈಗ ತಪಾಸಣೆಯಲ್ಲಿ ಹೆಪಟೈಟಿಸ್ ಸಿ ಪಾಸಿಟಿವ್ ಅಂತ ಬಂದಿದೆ. ಅತ್ತೆ ಹುಡುಗನ ತಟ್ಟೆ, ಲೋಟ ಬೇರೆ ಮಾಡಿದ್ದಾರೆ. ಅಕ್ಕನ ಜೊತೆ ಮಲಗಲು ಬಿಡುತ್ತಿಲ್ಲ. "ಇದು ಯಾರ ತಪ್ಪು? ಮುಂದೇನು ಮಾಡಲಿ?" ಎಂದು ಕೇಳಿದ್ದಾರೆ.

ತಂಗೀ, ಮೊದಲು ತಟ್ಟೆಯ ವಿಷಯ. ಇವತ್ತು ರಾತ್ರಿಯೇ ಅದನ್ನು ಎಲ್ಲರ ತಟ್ಟೆಯ ಜೊತೆ ಇಡಿ. ಹೆಪಟೈಟಿಸ್ ಸಿ ಲಿವರ್‌ಗೆ ತಗಲುವ, ರಕ್ತದಿಂದ ರಕ್ತಕ್ಕೆ ಹರಡುವ ವೈರಸ್ ಸೋಂಕು. ಎಂಜಲು, ಕೆಮ್ಮು, ಅಪ್ಪುಗೆ ಯಾವುದರಿಂದಲೂ ಹರಡುವುದಿಲ್ಲ. ಸೊಳ್ಳೆಯಿಂದಲೂ ಇಲ್ಲ. ಅವನು ಎಲ್ಲರ ಜೊತೆ ಕೂತು ಮೀನು ಸಾರು ಉಣ್ಣಬಹುದು, ಅಕ್ಕನ ಪಕ್ಕ ಮಲಗಬಹುದು. ಈ ಸೋಂಕಿನ ಕಾರಣಕ್ಕೆ ಶಾಲೆ ಬಿಡಿಸಬೇಕಾಗಿಲ್ಲ. ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಮಾತ್ರ ಬೇರೆ ಇರಲಿ. ಗಾಯವಾಗಿ ರಕ್ತ ಬಂದರೆ ಗ್ಲೌಸ್ ಹಾಕಿಕೊಂಡು ಒರೆಸಿ, ಆ ಜಾಗವನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆಯಿರಿ. ಅಷ್ಟೇ. ಅತ್ತೆಯವರಿಗೆ ಈ ಪುಟ ಓದಿ ಹೇಳಿ. ಮೊಮ್ಮಗಳಿಗೂ ಬಂದರೆ ಅನ್ನುವ ಹೆದರಿಕೆ ಅವರದು, ಅರ್ಥವಾಗುತ್ತದೆ. ಆದರೆ ಅಷ್ಟೆಲ್ಲ ಸೂಜಿ ಚುಚ್ಚಿಸಿಕೊಂಡು ಗೆದ್ದು ಬಂದ ಹುಡುಗ ಸ್ವಂತ ಮನೆಯಲ್ಲಿ ಒಂಟಿಯಾಗಿ ಉಣ್ಣುವುದನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ.

ತಪ್ಪು ನಿಮ್ಮದಂತೂ ಅಲ್ಲ. ಕೀಮೋ ನಡೆಯುವಾಗ ಮಕ್ಕಳಿಗೆ ರಕ್ತ, ಪ್ಲೇಟ್‌ಲೆಟ್ ಮತ್ತೆ ಮತ್ತೆ ಹಾಕಬೇಕಾಗುತ್ತದೆ. ದಾನಿಯ ರಕ್ತಕ್ಕೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ನಮ್ಮಲ್ಲಿ ಕಡ್ಡಾಯ. ಆದರೂ ದಾನಿಗೆ ಸೋಂಕು ತಗುಲಿದ ಹೊಸದರಲ್ಲಿ ಅದು ಪರೀಕ್ಷೆಗೆ ಸಿಗುವುದಿಲ್ಲ. ಹೆಪಟೈಟಿಸ್ ಸಿ ಆದರೆ, ಮಾಮೂಲಿ ಪರೀಕ್ಷೆಯಲ್ಲಿ ಈ ಅವಧಿ ಸುಮಾರು ಎರಡು ತಿಂಗಳು. ನ್ಯಾಟ್ ಎಂಬ ಪರೀಕ್ಷೆ ವೈರಸ್ಸನ್ನೇ ಹುಡುಕುವುದರಿಂದ ಅದು ಕೆಲವೇ ದಿನಕ್ಕೆ ಇಳಿಯುತ್ತದೆ. ಆದರೆ ಈ ಪರೀಕ್ಷೆ ಎಲ್ಲ ರಕ್ತನಿಧಿಗಳಲ್ಲಿ ಇಲ್ಲ.

ಸೋಂಕು ಬರಲು ಇನ್ನೊಂದು ದಾರಿಯೂ ಇದೆ. ಔಷಧಿ ಹಾಕಿದ ಮೇಲೆ, ರಕ್ತನಾಳಕ್ಕೆ ಹಾಕಿದ ಪೈಪು ಕಟ್ಟಿಕೊಳ್ಳದಂತೆ ಸಲೈನ್ ಹಾಯಿಸುತ್ತಾರೆ. ಕೆಲವು ಕಡೆ ದೊಡ್ಡ ಸಲೈನ್ ಬಾಟಲಿಯ ರಬ್ಬರ್ ಮುಚ್ಚಳಕ್ಕೆ ಒಂದು ಸೂಜಿ ಚುಚ್ಚಿ ಹಾಗೇ ಬಿಟ್ಟಿರುತ್ತಾರೆ. ಬೆಡ್ಡಿಂದ ಬೆಡ್ಡಿಗೆ ಹೋಗುವಾಗ ಅದರಿಂದಲೇ ಎಳೆದುಕೊಳ್ಳುತ್ತಾರೆ. ಬಳಸಿದ ಸಿರಿಂಜ್ ಒಂದು ಸಲ ಅದಕ್ಕೆ ತಾಗಿದರೂ ಸಾಕು, ಆ ಬಾಟಲಿಯಿಂದ ಸಲೈನ್ ಪಡೆದ ಎಲ್ಲ ಮಕ್ಕಳಿಗೂ ಅಪಾಯ. ಬೇರೆ ಬೇರೆ ದೇಶಗಳ ಕ್ಯಾನ್ಸರ್ ವಾರ್ಡುಗಳಲ್ಲಿ ಹೀಗೆ ಸೋಂಕು ಹರಡಿದ್ದುಂಟು. ನಿಮ್ಮ ಮಗನಿಗೆ ಯಾವ ದಾರಿಯಿಂದ ಬಂತೋ, ಇಲ್ಲಿ ಕೂತು ನಾನು ಹೇಳಲಾರೆ. ಆದರೆ ಈಗ ಮಕ್ಕಳನ್ನು ವಾರ್ಡಿನಲ್ಲಿ ಇಟ್ಟುಕೊಂಡಿರುವ ಅಪ್ಪ-ಅಮ್ಮಂದಿರು ಕೇಳಲೇಬೇಕು: "ಸಿಸ್ಟರ್, ಸಿರಿಂಜ್ ಹೊಸದಾ? ಈ ಬಾಟಲಿ ನಮ್ಮ ಮಗುವಿಗೆ ಮಾತ್ರವಾ?" ಅವರಿಗೆ ಬೇಜಾರಾದೀತು ಅಂತ ಸುಮ್ನಿರಬೇಡಿ.

ಇನ್ನು ಮುಂದಿನದು. ಪಾಸಿಟಿವ್ ಬಂದದ್ದು ಯಾವ ಪರೀಕ್ಷೆ, ನೋಡಿ. ಆಂಟಿಬಾಡಿ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪರೀಕ್ಷೆ ಆಗಿದ್ದರೆ, ವೈರಸ್ ಈಗಲೂ ಒಳಗಿದೆ ಅಂತ ಅದರಿಂದ ಗೊತ್ತಾಗುವುದಿಲ್ಲ. ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ ಮಾಡಿಸಿ. ತಾಯಿಯಿಂದ ಹೆರಿಗೆಯಲ್ಲಿ ಬರುವುದೂ ಅಪರೂಪಕ್ಕೆ ಉಂಟು, ಹಾಗಾಗಿ ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಕೀಮೋದಿಂದ ಹಳೆ ಲಸಿಕೆಯ ಬಲ ಇಳಿದಿರಬಹುದು. ಹೆಪಟೈಟಿಸ್ ಬಿ ಲಸಿಕೆ ಮತ್ತೆ ಬೇಕಾ ಅಂತ ಅವನ ಕ್ಯಾನ್ಸರ್ ಡಾಕ್ಟರನ್ನು ಕೇಳಿ. ನಮ್ಮ ಕಡೆ ಕಾಮಾಲೆಗೆ ನಾಟಿ ಔಷಧಿ ಕುಡಿಸುವ ರೂಢಿ ಇದೆ ಅಲ್ವಾ, ಅದು ಮಾತ್ರ ಬೇಡ. ಕೀಮೋ ತಡೆದುಕೊಂಡ ಲಿವರ್ ಅದು.

ವೈರಸ್ ಇದ್ದರೆ ಮಾತ್ರೆ ಇದೆ. ಮೂರು ವರ್ಷ ದಾಟಿದ ಮಕ್ಕಳಿಗೂ ಕೊಡುತ್ತಾರೆ, ಸಾಮಾನ್ಯವಾಗಿ 12 ವಾರ. 100ರಲ್ಲಿ 95ಕ್ಕೂ ಜಾಸ್ತಿ ಜನ ಪೂರ್ತಿ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ಈ ಹೆಸರು ಹೇಳಿಯೇ ವಿಚಾರಿಸಿ. ಕೀಮೋ ಫೈಲ್ ಪೂರ್ತಿ ತೆಗೆದುಕೊಂಡು ಹೋಗಿ. ಮಾತ್ರೆ ಮುಗಿದು 12 ವಾರಕ್ಕೆ ಮತ್ತೆ ಆರ್‌ಎನ್‌ಎ ನೋಡುತ್ತಾರೆ. ಆಗಲೂ ವೈರಸ್ ಕಾಣದಿದ್ದರೆ ಗುಣವಾಯಿತು ಅಂತಲೇ ಲೆಕ್ಕ.